ಹತ್ತಿ, ಹೊಗೆಬಂಡಿ, ಬಳ್ಳಾರಿ ಜಾಲಿ

ಬಳ್ಳಾರಿಯ ಸಮೀಪದ ರೂಪನಗುಡಿಯ ಸುತ್ತ ಎರೆಭೂಮಿ ಹರಡಿಕೊಂಡಿದೆ. ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಅಗಲವಾಗಿ ಬಿರಿಯುವ ಈ ಮಣ್ಣು ಮಳೆಗೆ ಉಬ್ಬಿ ತನ್ನ ಬಿರುಕುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಇದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯು ತನ್ನ ಪದರಗಳ ನಡುವೆ ನೀರನ್ನು ಹೀರಿಕೊಳ್ಳುವುದೇ ಇದಕ್ಕೆ ಕಾರಣ. ಮಳೆಗಾಲದ ಕೊನೆಗೆ ಬಿತ್ತಿದ ಹತ್ತಿಯೂ ಬಿಳಿಜೋಳವೂ ಹೀಗೆ ಕೂಡಿಟ್ಟ ತೇವದ ಬಲದಿಂದಲೇ ಬೆಳೆಯುತ್ತವೆ. ಇಂಥ ನೆಲದ ಹಣೆಬರಹವನ್ನು ಸಾವಿರಾರು ಮೈಲಿ ದೂರದ ಪೇಟೆಗಳು ಹೇಗೆ ತಿದ್ದಿದುವೆಂಬುದನ್ನು ನಾವೀಗ ನೋಡೋಣ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಅಲ್ಲಿಯ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದು, ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳಿಗೆ ಅರಳೆ ದೊರೆಯದಂತಾಯಿತು. ಗಿರಣಿಗಳ ದೃಷ್ಟಿ ಭಾರತದ ಕಡೆಗೆ ಹೊರಳಿತು, ಬೆಲೆ ಏರಿತು, ಬಳ್ಳಾರಿ, ಧಾರವಾಡಗಳ ಎರೆಹೊಲಗಳಲ್ಲಿ ಹತ್ತಿ ಹಬ್ಬಿತು. 1865ರಲ್ಲಿ ಯುದ್ಧ ಮುಗಿದು ಬೆಲೆ ಕುಸಿಯಿತಾದರೂ ರೈತನ ಹೊಲವು ಹೊರದೇಶದ ಪೇಟೆಯ ಏರಿಳಿತಕ್ಕೆ ಕಟ್ಟುಬಿದ್ದಿತ್ತು.

ಮುಂದಿನ ದಶಕದಲ್ಲಿ ಅರಳೆಯ ಹೊರೆ ಎತ್ತಿನ ಗಾಡಿಯಿಂದ ರೈಲಿಗೇರಿತು. ಆದರೆ 1876-78ರ ಮಹಾಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆ ತತ್ತರಿಸಿದಾಗ, ರೈಲು ತಂದ ಧಾನ್ಯವನ್ನು ಕೊಳ್ಳಲು ಬಡವರ ಕೈಯಲ್ಲಿ ಹಣವಿರಲಿಲ್ಲ.

ರೈಲಿಗೂ ಹಸಿವಿದ್ದಿತು. ಮದರಾಸು ಪ್ರಾಂತದ ಇಂಜಿನುಗಳು ಬಹುಮಟ್ಟಿಗೆ ಸೌದೆಯನ್ನೇ ಉರಿಸುತ್ತಿದ್ದುವು. ಮನೆಯ ಒಲೆಗೂ ಅದೇ ಬೇಕು. ಒಣನಾಡಿನ ಕುರುಚಲು ಕಾಡು ಈ ಬೇಡಿಕೆಯನ್ನು ಎಷ್ಟು ಕಾಲ ತಾಳೀತು? 1876ರಲ್ಲಿ ಅರಣ್ಯಾಧಿಕಾರಿ ಬೆಡ್ಡೋಮ್ ಅವರು ಬರಗಾಲವನ್ನು ಸಹಿಸುವ ಅಮೆರಿಕಾ ಖಂಡದ ಒಂದು ಮರದ ಬೀಜಗಳನ್ನು ತರಿಸಬೇಕೆಂದು ಸರ್ಕಾರವನ್ನು ಕೇಳಿದರು. ಜಮೈಕಾದಿಂದ ಬಂದ ಬೀಜಗಳನ್ನು ಕಡಪ ಜಿಲ್ಲೆಯಲ್ಲಿ ಬಿತ್ತಲಾಯಿತು. ಆ ಮರವೇ ಪ್ರಾಸಾಪಿಸ್ ಜೂಲಿಫ್ಲೋರಾ. ಕನ್ನಡಿಗರು ಅದನ್ನು ಕರೆಯುವುದು ‘ಬಳ್ಳಾರಿ ಜಾಲಿ’ ಎಂದು! ಕಡಲಾಚೆಯ ಮರಕ್ಕೆ ಇಲ್ಲಿಯ ಊರಿನ ಹೆಸರೇ ಅಂಟಿಕೊಂಡಿತು.

ಅದರ ಸಿಹಿಗಾಯಿಗಳನ್ನು ದನಕುರಿಗಳು ಮೆಲ್ಲುತ್ತವೆ. ಗಟ್ಟಿ ಬೀಜಗಳು ಜೀರ್ಣವಾಗದೆ ಸಗಣಿಯೊಡನೆ ಹೊರಬಿದ್ದು, ಗೊಬ್ಬರದ ನಡುವೆಯೇ ಮೊಳೆಯುತ್ತವೆ. ಕಡಿದ ಬುಡ ಮತ್ತೆ ಚಿಗುರುತ್ತದೆ. ಆಳಕ್ಕಿಳಿಯುವ ಬೇರು ನೀರನ್ನು ಹುಡುಕಿಕೊಳ್ಳುತ್ತದೆ. ದಟ್ಟ ಪೊದೆಯಡಿಯಲ್ಲಿ ಹುಲ್ಲು ಬೆಳೆಯದು. ಸೌದೆ, ಇದ್ದಿಲುಗಳಿಂದ ಬಡವರಿಗೆ ಆಸರೆಯಾದ ಮರವೇ ಗೋಮಾಳ, ಕೆರೆಯಂಗಳಗಳನ್ನು ಆಕ್ರಮಿಸಿದೆ.

ಯುದ್ಧ ಮುಗಿಯಿತು, ಸೌದೆಯ ಇಂಜಿನು ಮರೆಯಾಯಿತು. ಜಾಲಿ ಮಾತ್ರ ಉಳಿಯಿತು. ವ್ಯಾಪಾರಿಯ ಲೆಕ್ಕ ವರ್ಷಕ್ಕೊಮ್ಮೆ ಮುಗಿಯುತ್ತದೆ. ನೆಲದ ಲೆಕ್ಕ ತಲೆಮಾರುಗಳವರೆಗೆ ಸಾಗುತ್ತದೆ. ಹೊಸದೊಂದು ಬೆಳೆಯನ್ನೋ ಮರವನ್ನೋ ಬರಮಾಡಿಕೊಳ್ಳುವ ಮುನ್ನ ಈ ಎರಡನೆಯ ಲೆಕ್ಕವನ್ನೂ ನಾವು ನೋಡಬೇಕು.