ಫೋಟೊ ಶೂಟ್‌ಗೆ ಜೊತೆಗೊಬ್ಬರು ಬೇಕಾ? ಬೇಕು, ಆದರೆ ಅಷ್ಟೇ ಸಾಲದು



ಇವತ್ತಿನ ಪ್ರಶ್ನೆ ಚಿಕ್ಕದು. ಈಗಷ್ಟೇ ಮಾಡೆಲಿಂಗ್ ಶುರು ಮಾಡಿರೋರು ಫೋಟೊ ಶೂಟ್‌ಗೆ ಹೋಗುವಾಗ ಜೊತೆಗೆ ಯಾರನ್ನಾದರೂ ಕರ್ಕೊಂಡು ಹೋಗ್ಬೇಕಾ, ಬೇಡ್ವಾ? ಉತ್ತರ ಮೊದಲೇ ಹೇಳಿಬಿಡ್ತೀನಿ: ಕರ್ಕೊಂಡು ಹೋಗಿ. ಆದರೆ ಜೊತೆಗೊಬ್ಬರು ಇದ್ದಾರೆ ಅಂದ ಮಾತ್ರಕ್ಕೆ ಎಲ್ಲ ಸುರಕ್ಷಿತ ಅಂದ್ಕೋಬೇಡಿ. ಇದನ್ನ ನಾನು ಕಲಿತಿದ್ದು ನನ್ನದೇ ತಪ್ಪಿನಿಂದ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಚಿಕ್ಕಮ್ಮನ ಮಗಳು ದಾವಣಗೆರೆಯಿಂದ ಬೆಂಗಳೂರಿಗೆ ಓದೋಕೆ ಬಂದಿದ್ದಳು. ಇನ್‌ಸ್ಟಾಗ್ರಾಂನಲ್ಲಿ ಅವಳಿಗೊಂದು ಮೆಸೇಜ್ ಬಂತು: ‘ನಿಮ್ಮ ಫೇಸ್ ಚೆನ್ನಾಗಿದೆ, ಪೋರ್ಟ್‌ಫೋಲಿಯೊ ಫ್ರೀಯಾಗಿ ಮಾಡಿಕೊಡ್ತೀವಿ.’ ಅವಳು ನನ್ನನ್ನ ಕೇಳಿದಳು, ನಾನು ಜೊತೆಗೆ ಹೋದೆ. ಮೊದಲ ಮಹಡಿಯಲ್ಲಿ ಸ್ಟುಡಿಯೊ. ‘ಒಳಗೆ ಜಾಗ ಕಡಿಮೆ, ನೀವು ಇಲ್ಲೇ ಕೂತಿರಿ’ ಅಂದರು. ನಾನು ಹೊರಗಿನ ಸೋಫಾದಲ್ಲಿ ಕೂತು, ಫೋನ್ ಚಾರ್ಜಿಗೆ ಹಾಕಿ ರೀಲ್ಸ್ ನೋಡ್ತಾ ಇದ್ದೆ. ಬಾಗಿಲು ಮುಚ್ಚಿತು. ಒಳಗೆ ಜೋರಾಗಿ ಹಾಡು.

ಮುಕ್ಕಾಲು ಗಂಟೆ ಆದ ಮೇಲೆ ಅವಳು ಬ್ಯಾಗ್ ಹಿಡ್ಕೊಂಡು ಹೊರಗೆ ಬಂದು ‘ಹೋಗೋಣ’ ಅಂದಳು. ಆಟೊದಲ್ಲಿ ಮಾತೇ ಇಲ್ಲ. ರಾತ್ರಿ ಊಟದ ಹೊತ್ತಿಗೆ ಹೇಳಿದಳು. ಸೀರೆ, ಜೀನ್ಸ್ ಆದ ಮೇಲೆ, ಮೊದಲು ಮಾತೇ ಆಡಿರದ ಮೂರನೇ ಡ್ರೆಸ್ ಕೊಟ್ಟಿದ್ದಾರೆ. ಬೇಡ ಅಂದಿದ್ದಕ್ಕೆ ‘ಪ್ರೊಫೆಷನಲ್ ಆಗಿ ಯೋಚನೆ ಮಾಡು’ ಅಂದಿದ್ದಾರೆ. ಭುಜದ ಪಟ್ಟಿ ಸರಿ ಮಾಡೋ ನೆಪದಲ್ಲಿ ಕೇಳದೇ ಮುಟ್ಟಿದ್ದಾರೆ. ಆಮೇಲೆ ಅವಳು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ: ‘ನೀನು ಬರ್ತೀಯಲ್ಲ ಅಂತ ನಾನು ಅವರ ಬಗ್ಗೆ ಏನೂ ವಿಚಾರಿಸಲೇ ಇಲ್ಲ ಅಕ್ಕ.’

ನಾನು ಅಲ್ಲೇ ಇದ್ದೆ. ಆದರೆ ಇದ್ದೂ ಇಲ್ಲದ ಹಾಗಿದ್ದೆ.

ಈಗ ಆ ಕಡೆಯ ಮಾತನ್ನೂ ಕೇಳೋಣ. ಈ ಸಂಚಿಕೆಗೆ ಅಂತ ಪರಿಚಯದ ಒಬ್ಬ ಫೋಟೊಗ್ರಾಫರ್ ಹತ್ತಿರ ಕೇಳಿದೆ, ಜೊತೆಗೆ ಬರೋರನ್ನ ಕಂಡರೆ ನಿಮಗ್ಯಾಕೆ ಕಿರಿಕಿರಿ? ಅವರ ಉತ್ತರದಲ್ಲೂ ಹುರುಳಿದೆ. ಬಾಯ್‌ಫ್ರೆಂಡ್ ಹಿಂದೆ ನಿಂತು ಪ್ರತಿ ಪೋಸ್‌ಗೂ ಮುಖ ಗಂಟು ಹಾಕ್ತಾನೆ. ಅಮ್ಮ ‘ನಗು, ನಗು’ ಅಂತಾರೆ. ಫ್ರೆಂಡ್ ಮೊಬೈಲಲ್ಲಿ ಶೂಟ್ ಮಾಡಿ, ಬ್ರ್ಯಾಂಡ್ ಬಿಡುಗಡೆ ಮಾಡೋಕೆ ಮುಂಚೆನೇ ಸ್ಟೋರಿ ಹಾಕಿಬಿಡ್ತಾಳೆ. ಮಾಡೆಲ್ ಕಣ್ಣು ಕ್ಯಾಮೆರಾ ಬಿಟ್ಟು ಅವರ ಕಡೆಗೇ ಓಡುತ್ತೆ. ಇದೆಲ್ಲ ನಿಜವಾದ ತೊಂದರೆಗಳೇ. ಆದರೆ ಇವೆಲ್ಲ ಎಂಥವರನ್ನ ಕರ್ಕೊಂಡು ಬರಬೇಕು ಅನ್ನೋದಕ್ಕೆ ಉತ್ತರ. ಯಾರನ್ನೂ ಕರ್ಕೊಂಡು ಬರಬೇಡಿ ಅನ್ನೋದಕ್ಕೆ ಕಾರಣ ಅಲ್ಲ.

ದೊಡ್ಡ ಫ್ಯಾಷನ್ ಲೋಕವೇ ಇದನ್ನ ಒಪ್ಪಿಕೊಂಡಿದೆ. 2017ರಲ್ಲಿ ಫ್ರಾನ್ಸ್‌ನ ಎಲ್‌ವಿಎಂಎಚ್ ಮತ್ತು ಕೆರಿಂಗ್ ಕಂಪನಿಗಳು ಸೇರಿ ಒಂದು ನಿಯಮಾವಳಿ ತಂದವು. 16ರಿಂದ 18 ವರ್ಷದ ಮಾಡೆಲ್ ಜೊತೆ ಒಬ್ಬ ಜವಾಬ್ದಾರಿಯುತ ವ್ಯಕ್ತಿ ಇರಲೇಬೇಕು ಅಂತ ಅದರಲ್ಲಿದೆ. ವೋಗ್ ಪತ್ರಿಕೆಯ ಒಡೆತನದ ಕಾಂಡೆ ನಾಸ್ಟ್ 2018ರ ಜನವರಿಯಲ್ಲಿ ಇನ್ನೂ ಮುಂದಕ್ಕೆ ಹೋಯಿತು. ಮಾಡೆಲ್ ಅನ್ನ ಫೋಟೊಗ್ರಾಫರ್ ಜೊತೆಗಾಗಲಿ, ಮೇಕಪ್ ಆರ್ಟಿಸ್ಟ್ ಜೊತೆಗಾಗಲಿ ಒಬ್ಬಂಟಿಯಾಗಿ ಬಿಡಬಾರದು. ಒಳಉಡುಪು, ಈಜುಡುಗೆಯಂಥ ಶೂಟ್‌ಗೆ ಮೊದಲೇ ಒಪ್ಪಿಗೆ ಪಡೆದಿರಬೇಕು ಅಂತ ಹೇಳಿತು. ಗಮನಿಸಿ, ದೊಡ್ಡ ಸೆಟ್‌ನಲ್ಲಿ ಸ್ಟೈಲಿಸ್ಟ್, ಅಸಿಸ್ಟೆಂಟ್ ಅಂತ ಹತ್ತು ಜನ ಇರ್ತಾರೆ. ಅಲ್ಲೇ ಈ ನಿಯಮ ಬೇಕಾಗಿದೆ. ಕ್ಯಾಮೆರಾ ಹಿಡಿದವರು ಒಬ್ಬರು, ಎದುರಿಗೆ ನೀವೊಬ್ಬರು, ಅಷ್ಟೇ ಇರೋ ಕೋಣೆಯಲ್ಲಿ ಬೇಡವಾ?

ನಮ್ಮಲ್ಲಿ ಹೊಸಬರು ಮಾಡೋದು ಹೆಚ್ಚಾಗಿ ಟಿಎಫ್‌ಪಿ ಶೂಟ್. ಅಂದ್ರೆ ಯಾರೂ ಯಾರಿಗೂ ದುಡ್ಡು ಕೊಡಲ್ಲ. ನೀವು ಸಮಯ ಕೊಡ್ತೀರಿ, ಅವರು ಫೋಟೊ ಕೊಡ್ತಾರೆ. ಒಳ್ಳೆ ವ್ಯವಸ್ಥೆನೇ. ಆದರೆ ನಡುವೆ ಏಜೆನ್ಸಿ ಇರಲ್ಲ, ಕಾಗದ ಪತ್ರ ಇರಲ್ಲ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಇಂಥ ಶೂಟ್‌ನ ಫೋಟೊ ಹಕ್ಕು ತೆಗೆದವರದ್ದು. ಮುಖ ನಿಮ್ಮದು, ಫೋಟೊ ಅವರದ್ದು! ಅದಕ್ಕೇ ಎಲ್ಲೆಲ್ಲಿ ಬಳಸ್ತೀರಿ ಅಂತ ಮೊದಲೇ ಬರೆಸ್ಕೊಳ್ಳಿ.

ಹಾಗಾದ್ರೆ ಏನು ಮಾಡ್ಬೇಕು?

ಒಂದು, ಶೂಟ್ ಫಿಕ್ಸ್ ಆಗುವಾಗಲೇ ‘ನನ್ನ ಜೊತೆ ಒಬ್ಬರು ಬರ್ತಾರೆ’ ಅಂತ ಮೆಸೇಜ್ ಹಾಕಿ. ಬಾಗಿಲಲ್ಲಿ ನಿಂತು ಹೇಳ್ಬೇಡಿ. ಅವರ ಉತ್ತರ ನೋಡಿ. ‘ಒಬ್ಬರು ಸಾಕು, ಫೋನ್ ಸೈಲೆಂಟ್‌ನಲ್ಲಿರಲಿ’ ಅಂದ್ರೆ ಅದು ಕೆಲಸದ ಮಾತು. ‘ನನ್ನ ಮೇಲೆ ನಂಬಿಕೆ ಇಲ್ವಾ?’ ಅಂದ್ರೆ, ಅಲ್ಲೇ ನಿಲ್ಲಿಸಿ. ಮುಖಾನೇ ನೋಡಿರದವರ ಮೇಲೆ ನಂಬಿಕೆ ಎಲ್ಲಿಂದ ಬರುತ್ತೆ?

ಎರಡು, ಜೊತೆಗೆ ಯಾರು ಬಂದರೂ ಅವರ ಪ್ರೊಫೈಲ್‌ನಲ್ಲಿರೋ ಇಬ್ಬರು ಮೂವರು ಮಾಡೆಲ್‌ಗಳಿಗೆ ನೀವೇ ಮೆಸೇಜ್ ಮಾಡಿ ಅನುಭವ ಕೇಳಿ. ನನ್ನ ತಂಗಿ ಬಿಟ್ಟಿದ್ದು ಇದನ್ನೇ. ಆಮೇಲೆ ಹುಡುಕಿ ಕೇಳಿದಾಗ ಇನ್ನೊಬ್ಬಳೂ ಅದೇ ಮೂರನೇ ಡ್ರೆಸ್ ಕಥೆ ಹೇಳಿದಳು.

ಮೂರು, ಎಷ್ಟು ಡ್ರೆಸ್, ಯಾವ್ಯಾವುದು, ಎಷ್ಟು ಹೊತ್ತು ಅಂತ ವಾಟ್ಸ್‌ಆ್ಯಪ್‌ನಲ್ಲಿ ಬರಹದಲ್ಲಿರಲಿ. ಪಟ್ಟಿಯಲ್ಲಿ ಇಲ್ಲದ್ದು ಬಂದರೆ ‘ಇದು ಮಾತಾಗಿರಲಿಲ್ಲ’ ಅನ್ನೋದು ಸುಲಭ.

ನಾಲ್ಕು, ಜೊತೆಗೆ ಬರೋರು ಕೂರ್ಬೇಕಾಗಿದ್ದು ಒಳಗೆ, ನಿಮಗೆ ಕಾಣೋ ಜಾಗದಲ್ಲಿ. ಅವರಿಗೊಂದು ಕೆಲಸ ಕೊಡಿ: ರಿಫ್ಲೆಕ್ಟರ್ ಹಿಡಿಯೋದು, ಪಿನ್ ಹಾಕೋದು, ನೀರು ಕೊಡೋದು. ಅಭಿಪ್ರಾಯ ಹೇಳೋ ಕೆಲಸ ಮಾತ್ರ ಬೇಡ. ಯಾರೂ ಸಿಗಲಿಲ್ಲ ಅಂದ್ರೆ ಶೂಟನ್ನ ಹಗಲಲ್ಲಿ, ಜನ ಓಡಾಡೋ ಕಡೆ ಇಟ್ಕೊಳ್ಳಿ, ಲೈವ್ ಲೊಕೇಶನ್ ಒಬ್ಬರಿಗೆ ಕಳಿಸಿ. 18 ತುಂಬಿರದಿದ್ದರೆ ಈ ರಿಯಾಯಿತಿನೂ ಇಲ್ಲ. ಮನೆಯ ದೊಡ್ಡವರು ಇರಲೇಬೇಕು.

ಇಷ್ಟೆಲ್ಲ ಮಾಡಿಯೂ ಏನಾದರೂ ಆದರೆ, ತಪ್ಪು ನಿಮ್ಮದಲ್ಲ. ಯಾಕೆ ಒಬ್ಬಳೇ ಹೋದೆ ಅಂತ ಕೇಳೋರು ಸಿಕ್ಕೇ ಸಿಗ್ತಾರೆ. ಕಾನೂನು ಹಾಗೆ ಕೇಳಲ್ಲ. ಕೆಲಸದ ಸ್ಥಳದಲ್ಲಿನ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ, ಸಂಬಳ ಇಲ್ಲದೆ ಕೆಲಸ ಮಾಡೋ ಮಹಿಳೆಯರನ್ನೂ ಲೆಕ್ಕಕ್ಕೆ ತಗೊಳ್ಳುತ್ತೆ. ಹತ್ತು ಜನಕ್ಕಿಂತ ಕಡಿಮೆ ಇರೋ ಜಾಗವಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬಹುದು. ಹೆಣ್ಣುಮಕ್ಕಳು ಬಟ್ಟೆ ಬದಲಿಸೋದನ್ನ ಕದ್ದು ಚಿತ್ರೀಕರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಇದೆ. ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಜೈಲು. ಹುಡುಗರೇ, ನಿಮಗೂ ಹೀಗಾದರೆ ಐಟಿ ಕಾಯ್ದೆಯ 66ಇ ಸೆಕ್ಷನ್ ಇದೆ, ಅದರಲ್ಲಿ ಗಂಡು ಹೆಣ್ಣು ಅನ್ನೋ ಭೇದ ಇಲ್ಲ. ತುರ್ತಿಗೆ 112, ಫೋಟೊ ಇಟ್ಕೊಂಡು ಆನ್‌ಲೈನ್‌ನಲ್ಲಿ ಬೆದರಿಸಿದರೆ 1930.

ನನ್ನ ತಂಗಿ ಆ ಘಟನೆ ಆದ ಮೇಲೆ ಒಂದು ವರ್ಷ ಕ್ಯಾಮೆರಾ ಮುಂದೆ ನಿಲ್ಲಲಿಲ್ಲ. ಈಗ ಮತ್ತೆ ಶುರು ಮಾಡಿದ್ದಾಳೆ. ಹೋದ ತಿಂಗಳು ಒಂದು ಸೀರೆ ಅಂಗಡಿಯ ಶೂಟ್‌ಗೆ ಕರೆದಳು. ‘ಅಕ್ಕ, ಫೋನ್ ಬ್ಯಾಗಲ್ಲಿ ಇಡಬೇಕು’ ಅಂತ ಷರತ್ತು ಹಾಕಿದಳು. ಎರಡು ಗಂಟೆ ರಿಫ್ಲೆಕ್ಟರ್ ಹಿಡಿದು ನನ್ನ ಕೈ ಬಿದ್ದುಹೋಯ್ತು. ಫೋಟೊಗಳು ಮಾತ್ರ ತುಂಬಾ ಚೆನ್ನಾಗಿ ಬಂದಿವೆ.

ಶೂಟ್‌ಗೆ ಹೊರಟಿರೋ ಗೆಳತಿಯೋ ಗೆಳೆಯನೋ ನಿಮಗಿದ್ದರೆ ಈ ಸಂಚಿಕೆ ಕಳಿಸಿ. ಜೊತೆಗೆ ‘ನಾನು ಬರ್ಲಾ?’ ಅಂತಾನೂ ಕೇಳಿ. ಮತ್ತೆ ಸಿಗೋಣ.