ಹೊರ್ಮುಜ್‌ನ ಆತಂಕಕ್ಕೆ ಪಾದೂರಿನ ಬಂಡೆಯಡಿ ಉತ್ತರ

ಇರಾನ್ ಮತ್ತು ಒಮಾನ್ ನಡುವಿನ ಹೊರ್ಮುಜ್ ಜಲಸಂಧಿ ತೀರಾ ಕಿರಿದಾದ ಕಡೆ ಸುಮಾರು 33 ಕಿ.ಮೀ. ಅಗಲವಿದೆ. ಹಡಗುಗಳಿಗೆ ಗೊತ್ತುಮಾಡಿದ ಪಥ ಇನ್ನೂ ಕಿರಿದು: ಹೋಗಲು ಎರಡು ಮೈಲಿ, ಬರಲು ಎರಡು ಮೈಲಿ, ನಡುವೆ ಎರಡು ಮೈಲಿ ತೆರವು. 2024ರಲ್ಲಿ ಈ ದಾರಿಯಲ್ಲಿ ದಿನಕ್ಕೆ ಸರಾಸರಿ 2 ಕೋಟಿ ಬ್ಯಾರೆಲ್ ತೈಲ ಸಾಗಿತು. ಜಗತ್ತು ಬಳಸುವ ತೈಲದಲ್ಲಿ ಅದು ಐದನೇ ಒಂದು ಪಾಲು. ಇಲ್ಲಿಂದ ಹೊರಬರುವ ಕಚ್ಚಾತೈಲದ ಬಹುಪಾಲು ಏಷ್ಯಾಕ್ಕೆ, ಅದರಲ್ಲೂ ಚೀನಾ, ಭಾರತ, ಜಪಾನ್, ದಕ್ಷಿಣ ಕೊರಿಯಾಗಳಿಗೆ ಬರುತ್ತದೆ. ಬೇಕಾದ ಕಚ್ಚಾತೈಲದಲ್ಲಿ ಶೇ 85ಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುವ ನಮಗೆ ಈ ಜಲಸಂಧಿ ದೂರದ ಸುದ್ದಿಯಲ್ಲ. ಅದರ ಅಪಾಯದಿಂದ ಪಾರಾಗಲು ನಮ್ಮ ಕೈಯಲ್ಲಿರುವ ಗಟ್ಟಿ ಉಪಾಯವೆಂದರೆ ತೈಲದ ದಾಸ್ತಾನು ಹೆಚ್ಚಿಸುವುದು.

ಇರಾನ್ ತನ್ನ ತೈಲವನ್ನೂ ಇದೇ ದಾರಿಯಲ್ಲಿ ಮಾರುತ್ತದೆ, ಹಾಗಾಗಿ ಅದು ದಾರಿ ಮುಚ್ಚುವುದಿಲ್ಲ ಎಂಬ ವಾದವಿದೆ. ಆದರೆ ಸಾಗಣೆ ಕೆಡಲು ದಾರಿ ಪೂರ್ತಿ ಮುಚ್ಚಬೇಕಿಲ್ಲ, ಭಯ ಹುಟ್ಟಿದರೆ ಸಾಕು. 1980ರ ದಶಕದ ಇರಾನ್-ಇರಾಕ್ ಯುದ್ಧದಲ್ಲಿ ನೂರಾರು ವ್ಯಾಪಾರಿ ಹಡಗುಗಳ ಮೇಲೆ ದಾಳಿ ನಡೆಯಿತು. 1987ರ ಜುಲೈನಲ್ಲಿ ಅಮೆರಿಕದ ನೌಕಾಪಡೆಯ ಬೆಂಗಾವಲಿನಲ್ಲೇ ಸಾಗುತ್ತಿದ್ದ ಬ್ರಿಜ್‌ಟನ್ ಎಂಬ ಟ್ಯಾಂಕರ್ ಕೊಲ್ಲಿಯಲ್ಲಿ ಮೈನ್‌ಗೆ ಸಿಕ್ಕಿತು. ಆಮೇಲೆ ಕಾವಲಿಗೆ ಬಂದ ಯುದ್ಧನೌಕೆಗಳೇ ಆ ಟ್ಯಾಂಕರಿನ ಹಿಂದೆ ಸಾಲುಗಟ್ಟಿ ಸಾಗಿದವು. 2023ರ ನವೆಂಬರ್‌ನಿಂದ ಯೆಮೆನ್‌ನ ಹೂಥಿ ಬಂಡುಕೋರರು ಕೆಂಪು ಸಮುದ್ರದಲ್ಲಿ ದಾಳಿ ಶುರುಮಾಡಿದಾಗ ಆ ಸಮುದ್ರದ ದಕ್ಷಿಣದ ಬಾಯಿಯಾದ ಬಾಬ್ ಎಲ್ ಮಂದೆಬ್ ಜಲಸಂಧಿಗೆ ಯಾರೂ ಬಾಗಿಲು ಹಾಕಿರಲಿಲ್ಲ. ಆದರೂ ವಿಮೆಯ ದರ ಏರಿತು, ದೊಡ್ಡ ಕಂಪನಿಗಳು ಹಡಗುಗಳನ್ನು ಆಫ್ರಿಕಾ ಸುತ್ತಿ ಕಳಿಸಿದವು. ಪರ್ಷಿಯನ್ ಕೊಲ್ಲಿಗೆ ಅಂಥ ಸುತ್ತುದಾರಿಯೂ ಇಲ್ಲ. ಸಮುದ್ರಕ್ಕೆ ಅದರ ಬಾಯಿ ಒಂದೇ.

ಹೊರ್ಮುಜ್ ತಪ್ಪಿಸಿ ಸಾಗುವ ಪೈಪ್‌ಲೈನ್‌ಗಳಿವೆಯಲ್ಲ ಎಂದು ಕೇಳಬಹುದು. ಸೌದಿ ಅರೇಬಿಯಾದ ಕೊಳವೆ ಯಾನ್ಬು ಬಂದರಿಗೆ, ಯುಎಇಯದು ಫುಜೈರಾಕ್ಕೆ ತೈಲ ಒಯ್ಯುತ್ತದೆ. ಎರಡೂ ಸೇರಿ 2 ಕೋಟಿ ಬ್ಯಾರೆಲ್‌ನಲ್ಲಿ ಅರ್ಧವನ್ನೂ ಹೊರಲಾರವು. ಯಾನ್ಬು ಇರುವುದು ಕೆಂಪು ಸಮುದ್ರದ ದಡದಲ್ಲಿ. ಅಲ್ಲಿಂದ ಭಾರತಕ್ಕೆ ನೇರವಾಗಿ ಬರುವ ಹಡಗು ಬಾಬ್ ಎಲ್ ಮಂದೆಬ್ ದಾಟಲೇಬೇಕು. ಕುವೈತ್, ಕತಾರ್‌ಗಳಿಗೆ ಇಷ್ಟು ಅನುಕೂಲವೂ ಇಲ್ಲ. 2022ರ ನಂತರ ರಷ್ಯಾದಿಂದ ಹೆಚ್ಚು ತೈಲ ಕೊಳ್ಳುತ್ತಿರುವುದು ನಮಗೆ ನೆರವಾಗಿದೆ, ನಿಜ. ಆದರೆ ಹೊರ್ಮುಜ್‌ನಲ್ಲಿ ಗಲಭೆಯಾದರೆ ಬೆಲೆ ಏರುವುದು ಎಲ್ಲ ದೇಶಗಳ ತೈಲಕ್ಕೂ. ಜೊತೆಗೆ, ನಮ್ಮ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಆಮದಾಗುತ್ತದೆ, ಅದರ ಬಹುಪಾಲು ಕೊಲ್ಲಿ ದೇಶಗಳಿಂದಲೇ ಬಂದಿದೆ.

ದಾಸ್ತಾನಿನ ಮಾತಿಗೆ ಕರ್ನಾಟಕದ ಕರಾವಳಿಯೇ ಸಾಕ್ಷಿ. ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾತೈಲ ಹಿಡಿಸುವ ಸುರಂಗಗಳನ್ನು ಬಂಡೆ ಕೊರೆದು ಕಟ್ಟಲಾಗಿದೆ. ದೇಶದ ಈ ಸಾಮರ್ಥ್ಯದಲ್ಲಿ ಮುಕ್ಕಾಲು ಪಾಲು ನಮ್ಮ ರಾಜ್ಯದಲ್ಲಿದೆ. ಆದರೆ ಮೂರೂ ತುಂಬಿದರೂ ದೇಶಕ್ಕೆ ಸಾಲುವುದು ಸುಮಾರು ಒಂಬತ್ತೂವರೆ ದಿನ. ತೈಲ ಕಂಪನಿಗಳ ಸಂಗ್ರಹ ಬೇರೆ ಇದೆ, ಆದರೆ ಅದು ಸಂಸ್ಕರಣಾಗಾರಗಳ ದಿನನಿತ್ಯದ ಓಡಾಟದ ಸರಕು. ಅಂತರರಾಷ್ಟ್ರೀಯ ಇಂಧನ ಸಂಸ್ಥೆ ತನ್ನ ಸದಸ್ಯ ದೇಶಗಳಿಗೆ ವಿಧಿಸಿರುವುದು 90 ದಿನಗಳ ನಿವ್ವಳ ಆಮದಿನಷ್ಟು ಸಂಗ್ರಹ.

ನೆಲದಡಿ ತೈಲವಿಟ್ಟರೆ ಹಣ ಸತ್ತಂತೆ ಎನ್ನುವವರಿಗೆ 2020 ಉತ್ತರ ಕೊಟ್ಟಿದೆ. ಕೋವಿಡ್ ಕಾಲದಲ್ಲಿ ಬೆಲೆ ಕುಸಿದಾಗ ಬ್ಯಾರೆಲ್‌ಗೆ ಸರಾಸರಿ 19 ಡಾಲರ್‌ನಂತೆ ಕೊಂಡು ಈ ಸುರಂಗಗಳನ್ನು ತುಂಬಿ, 5,000 ಕೋಟಿ ರೂಪಾಯಿ ಉಳಿಸಿದ್ದಾಗಿ ಸರ್ಕಾರವೇ ಹೇಳಿದೆ. ಪಾದೂರಿನಲ್ಲಿ ಇನ್ನೂ 25 ಲಕ್ಷ ಟನ್, ಒಡಿಶಾದ ಚಂಡಿಖೋಲ್‌ನಲ್ಲಿ 40 ಲಕ್ಷ ಟನ್ ಸಾಮರ್ಥ್ಯದ ಸುರಂಗಗಳಿಗೆ 2021ರಲ್ಲೇ ಒಪ್ಪಿಗೆ ಸಿಕ್ಕಿದೆ. ಜಲಸಂಧಿಯ ಅಗಲ ನಾವು ಹೆಚ್ಚಿಸಲಾರೆವು, ದಾಸ್ತಾನು ಹೆಚ್ಚಿಸಬಲ್ಲೆವು. ನೆಲ ಬಿಟ್ಟುಕೊಡುವ ಕುಟುಂಬಗಳಿಗೆ ನ್ಯಾಯವಾದ ಪರಿಹಾರ ಕೊಟ್ಟು, ಮುಂದಿನ ಬಿಕ್ಕಟ್ಟಿಗೆ ಕಾಯದೆ, ಸರ್ಕಾರ ಈ ಕೆಲಸವನ್ನು ಮುಗಿಸಬೇಕು.