ಸದ್ದಿಗೆ ಸೋತು ಕಾಗದ ಮರೆತರೆ...

‘ಹೊಸ ಗಾಡಿ ಬೇಡ ಕಣಪ್ಪ, ಒಂದು ಹಳೇ ಆರ್‌ಎಕ್ಸ್ ಕೊಡಿಸು ಸಾಕು.’

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಾಲೇಜು ಹುಡುಗರ ಮನೆಗಳಲ್ಲಿ ಕೇಳಿಬರುವ ಮಾತಿದು. ಮಗನಿಗೆ ದುಡ್ಡಿನ ಬೆಲೆ ಗೊತ್ತಾಯಿತು ಎಂದು ತಂದೆ ಹಿಗ್ಗಬಹುದು. ಆದರೆ ಗ್ಯಾರೇಜಿಗೆ ಹೋಗಿ ವಿಚಾರಿಸಿದರೆ, ಚೆನ್ನಾಗಿಟ್ಟ ಹಳೆಯ ಗಾಡಿಗೆ ಹೊಸ ಬೈಕಿನ ಬೆಲೆ ಹೇಳುವವರೂ ಇದ್ದಾರೆ!

ಯಮಹಾ ಆರ್‌ಎಕ್ಸ್ 100 ಜಪಾನಿನ ತಂತ್ರಜ್ಞಾನದ ಬೈಕು. ಎಸ್ಕಾರ್ಟ್ಸ್ ಸಂಸ್ಥೆಯ ಸಹಯೋಗದಲ್ಲಿ 1985ರಲ್ಲಿ ಭಾರತಕ್ಕೆ ಬಂದು, ಹೊಗೆಯ ನಿಯಮಗಳು ಬಿಗಿಯಾದಾಗ 1996ರಲ್ಲಿ ನಿಂತುಹೋಯಿತು. 98 ಸಿ.ಸಿ. ಎಂಜಿನ್, ಸುಮಾರು 11 ಅಶ್ವಶಕ್ತಿ, ಹಗುರವಾದ ಮೈ. ಆಕ್ಸಿಲರೇಟರ್ ತಿರುಗಿಸಿದೊಡನೆ ಚಂಗನೆ ನೆಗೆಯುವ ಗುಣವೇ ಅದರ ಆಕರ್ಷಣೆ. ತಯಾರಿಕೆ ನಿಂತ ಮೇಲೆ ಹುಚ್ಚು ಹೆಚ್ಚಿತು.

ಜಪಾನಿನಲ್ಲೂ ಇದೇ ಕಥೆ. 1983ರಿಂದ 1987ರವರೆಗೆ ತಯಾರಾದ ಟೊಯೋಟಾ ಎಇ86 ಸಾಧಾರಣ ಬೆಲೆಯ, 1.6 ಲೀಟರ್ ಎಂಜಿನ್ನಿನ ಕಾರು. ಎಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ ಹೋಗುತ್ತಿದ್ದುದರಿಂದ, ತಿರುವಿನಲ್ಲಿ ಬಾಲ ಬೀಸಿದಂತೆ ಅಡ್ಡಡ್ಡ ಜಾರಿಸುವ ‘ಡ್ರಿಫ್ಟಿಂಗ್’ ಆಟಕ್ಕೆ ಹೇಳಿ ಮಾಡಿಸಿದಂತಿತ್ತು. 1995ರಲ್ಲಿ ಆರಂಭವಾದ ‘ಇನಿಷಿಯಲ್ ಡಿ’ ಎಂಬ ಚಿತ್ರಕಥಾ ಮಾಲಿಕೆಯ ನಾಯಕ ಇದೇ ಕಾರು ಓಡಿಸಿದ ಮೇಲೆ ಅದರ ಕೀರ್ತಿ ದೇಶ ದಾಟಿತು. ಅಲ್ಲಿ ಮಾರ್ಪಡಿಸಿದ ಕಾರುಗಳ ಕೊಡುಕೊಳ್ಳುವಿಕೆ ಜೋರಾಗಿಯೇ ನಡೆಯುತ್ತದೆ. ಆದರೆ ರಸ್ತೆಗಿಳಿಯುವ ಖಾಸಗಿ ಕಾರು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ‘ಶಾಕೆನ್’ ಎಂಬ ಕಡ್ಡಾಯ ತಪಾಸಣೆಯಲ್ಲಿ ಪಾಸಾಗಲೇಬೇಕು.

ಸದ್ದೇ ಶಕ್ತಿಯಲ್ಲ

ನಮ್ಮ ಹುಡುಗರು ಮೊದಲು ಕೈಹಾಕುವುದು ಸೈಲೆನ್ಸರಿಗೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಸೈಲೆನ್ಸರಿನ ಕೆಲಸ ಸದ್ದು ಅಡಗಿಸುವುದಷ್ಟೇ ಅಲ್ಲ. ಅದರ ಉಬ್ಬಿದ ಹೊಟ್ಟೆಯಿಂದ ಹಿಂತಿರುಗುವ ಒತ್ತಡದ ಅಲೆ, ಹೊರಹೋಗಲಿದ್ದ ಹೊಸ ಪೆಟ್ರೋಲ್ ಮಿಶ್ರಣವನ್ನು ಮತ್ತೆ ಸಿಲಿಂಡರಿನೊಳಕ್ಕೆ ತಳ್ಳುತ್ತದೆ. ಅದನ್ನು ಕೊಯ್ದು ಮನಸ್ಸಿಗೆ ಬಂದಂತೆ ಕೊಳವೆ ಹಾಕಿದರೆ ಸದ್ದು ಏರುತ್ತದೆ, ಎಳೆತ ಇಳಿಯಬಹುದು.

ಎರಡನೆಯದು ‘ಪೋರ್ಟಿಂಗ್’, ಅಂದರೆ ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ಉಜ್ಜಿ ದೊಡ್ಡದು ಮಾಡುವುದು. ಅಳತೆ ತಿಳಿದವರು ಮಾಡಿದರೆ ವೇಗ ಹೆಚ್ಚುತ್ತದೆ. ಕಾರ್ಬ್ಯುರೇಟರ್ ಹೊಂದಿಕೆ ತಪ್ಪಿ ಪೆಟ್ರೋಲ್ ಕಡಿಮೆಯಾದರೆ, ಅಥವಾ ಆಯಿಲ್ ಪಂಪ್ ಕೆಟ್ಟಿದ್ದರೆ, ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ವೇಗದಲ್ಲಿರುವಾಗ ಹೀಗಾದರೆ ಹಿಂದಿನ ಚಕ್ರ ತಟಕ್ಕನೆ ನಿಲ್ಲುತ್ತದೆ. ಜಪಾನಿನ ಚಾಲಕ ಬೇಕೆಂದೇ ಗಾಡಿ ಜಾರಿಸುತ್ತಾನೆ. ಶಿರಾದ ಹೆದ್ದಾರಿಯಲ್ಲಿ ಅದು ಹೇಳದೆ ಕೇಳದೆ ಜಾರುತ್ತದೆ. ಎಂಜಿನ್ ಎಷ್ಟು ಬದಲಾದರೂ ಹಳೆಯ ಡ್ರಮ್ ಬ್ರೇಕು ಹಾಗೇ ಇರುತ್ತದೆ ಎಂಬುದನ್ನೂ ಮರೆಯಬಾರದು.

ಕೊಳ್ಳುವ ಮುನ್ನ

ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ, ತಯಾರಕರು ಸೂಚಿಸಿದ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು.

ನೋಂದಣಿ ಹದಿನೈದು ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. 1996ರ ಕೊನೆಯ ಗಾಡಿಗೂ 2011ಕ್ಕೇ ಹದಿನೈದು ತುಂಬಿದೆ. ಆರ್‌ಸಿಯಲ್ಲಿ ನವೀಕರಣವಿಲ್ಲದ ಗಾಡಿ ರಸ್ತೆಗಿಳಿಯುವಂತಿಲ್ಲ. ಚಾಸಿಸ್ ಸಂಖ್ಯೆಯ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಮೂಡಿದ ಅಂಕಿಗಳನ್ನು ಆರ್‌ಸಿಯೊಂದಿಗೆ ತಾಳೆ ನೋಡಬೇಕು. ಎಂಜಿನ್ ಸಂಖ್ಯೆಯನ್ನೂ ನೋಡಬೇಕು. ತಾಳೆಯಾಗದಿದ್ದರೆ ಗಾಡಿ ಎಷ್ಟೇ ಹೊಳೆಯುತ್ತಿರಲಿ, ಕೈಮುಗಿದು ಹಿಂತಿರುಗುವುದೇ ಲೇಸು. ಕದ್ದ ಮಾಲೂ ಇರಬಹುದು.

ಪಾವಗಡದವರು ಇನ್ನೊಂದು ಎಚ್ಚರ ವಹಿಸಬೇಕು. ತಾಲ್ಲೂಕಿನ ಮೂರು ದಿಕ್ಕಿಗೂ ಆಂಧ್ರಪ್ರದೇಶ. ಗಡಿಯಾಚೆಯ ಗಾಡಿಯನ್ನು ಕೊಂಡು ತಂದರೆ, ಅಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ, ಇಲ್ಲಿನ ತೆರಿಗೆ, ಮಧುಗಿರಿಯ ಕೆಎ-64ರಂಥ ಕರ್ನಾಟಕದ ಸಂಖ್ಯೆ ಎಲ್ಲವೂ ಆಗಬೇಕು.

ಮಾರುವವನಿಗೂ ಹೊಣೆ ತಪ್ಪಿದ್ದಲ್ಲ. ರಾಜ್ಯದೊಳಗಿನ ಮಾರಾಟವನ್ನು ಅವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ‘ಗಾಡಿ ಕೊಟ್ಟು ವರ್ಷವಾಯಿತು, ನನಗೇನು ಸಂಬಂಧ?’ ಎಂದರೆ ನಡೆಯದು. ಅಪಘಾತದ ಪರಿಹಾರಕ್ಕೆ ದಾಖಲೆಯಲ್ಲಿ ಹೆಸರಿರುವ ಮಾಲೀಕನೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಸ್ಟಾಂಪ್ ಪೇಪರಿನ ಕರಾರಷ್ಟೇ ಸಾಲದು. ಆರ್‌ಸಿಯಲ್ಲಿ ಹೆಸರು ಬದಲಾಗಬೇಕು.

ಗೇರಿನ ಬೈಕಿಗೆ 18 ತುಂಬಿರಬೇಕು. ಅದಕ್ಕೂ ಮೊದಲು ಮಗ ಓಡಿಸಿ ಅಪರಾಧವಾದರೆ, ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲಾಗಬಹುದು. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದಾಗುತ್ತದೆ. ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸಿಲ್ಲ.

ಹಾಗೆಂದು ಎಂಜಿನ್ನಿನ ಮೇಲಿನ ಮಗನ ಪ್ರೀತಿಯನ್ನು ಬೈದು ಚಿವುಟಬೇಕಿಲ್ಲ. ಪಿಸ್ಟನ್ ಬಿಚ್ಚಿ ಜೋಡಿಸಬಲ್ಲ ಕೈಗೆ ಐಟಿಐ, ಪಾಲಿಟೆಕ್ನಿಕ್‌ಗಳ ಬಾಗಿಲು ತೆರೆದಿದೆ. ಹಳ್ಳಿಗಾಡಿನ ಬಡ ಕುಟುಂಬಗಳಿಂದ ಬಂದು ಹತ್ತನೇ ತರಗತಿ ಪಾಸಾದವರಿಗೆಂದೇ ಬಿಡದಿಯಲ್ಲಿ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ 2007ರಲ್ಲಿ ಆರಂಭವಾಯಿತು. ಜಪಾನಿನ ಗಾಡಿಯ ಹುಚ್ಚಿಗೆ ಅನ್ನದ ದಾರಿಯೂ ಉಂಟು.

ಮಗ ಹಳೇ ಆರ್‌ಎಕ್ಸ್ ಕೇಳಿದರೆ ತಂದೆ ಮೊದಲು ಕೇಳಬೇಕಾದ್ದು ಒಂದೇ ಮಾತು: ‘ಸದ್ದು ಆಮೇಲೆ ಕೇಳಿಸುವೆಯಂತೆ, ಮೊದಲು ಆರ್‌ಸಿ ತೋರಿಸು ಮಗಾ.’